ಗಣಪತಿ ಬಂದರೆ ಡಿಸ್ಕ್ ಪಾಸ್

ಮಂಗಳೂರಿನ ಕೊಟ್ಟಾರದ ಒಂದು ಮದುವೆ ಸ್ಟುಡಿಯೋದಲ್ಲಿ ನಾನು ಇಪ್ಪತ್ತಾರು ವರ್ಷ ವಿಡಿಯೋ ಎಡಿಟಿಂಗ್ ಮಾಡಿದ್ದೇನೆ. ಅಷ್ಟು ವರ್ಷಗಳಲ್ಲಿ ಎಷ್ಟು ಮದುವೆಗಳನ್ನು ಡಿವಿಡಿಗೆ ರೈಟ್ ಮಾಡಿ ಕೊಟ್ಟೆನೋ ನೆನಪಿಲ್ಲ. ಹಾಗೆ ಕೊಟ್ಟ ಮದುವೆಗಳಲ್ಲಿ ಒಂದೇ ಒಂದನ್ನು ಬಿಟ್ಟರೆ ಉಳಿದ ಯಾವುದನ್ನೂ ಟಿವಿಗೆ ಹಾಕಿ ಮೊದಲಿನಿಂದ ಕೊನೆಯವರೆಗೆ ನೋಡಿದವಳಲ್ಲ. ಇದನ್ನು ಹೇಳಿಕೊಳ್ಳಲು ನಾಚಿಕೆಯಾಗಬೇಕಿತ್ತು. ನಿವೃತ್ತಿಯಾದ ಮೇಲೆ ಮೊಣಕಾಲಿನ ಬಲದ ಜೊತೆಗೆ ನಾಚಿಕೆಯೂ ಸ್ವಲ್ಪ ಕಡಿಮೆಯಾಗುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ಈಗ ಈ ಕೆಲಸಕ್ಕೆ ಬರುವ ಹುಡುಗ ಹುಡುಗಿಯರು ಡಿಸ್ಕ್ ಕಂಡವರಲ್ಲ. ಮದುವೆಯನ್ನು ಲಿಂಕ್ ಮಾಡಿ ಮೊಬೈಲಿಗೆ ಕಳುಹಿಸುತ್ತಾರೆ. ಲಿಂಕ್ ತೆರೆಯದಿದ್ದರೆ ನಿಮ್ಮ ನೆಟ್ ಸರಿ ಇಲ್ಲ ಎನ್ನುತ್ತಾರೆ. ನಾವು ನಿಮ್ಮ ಪ್ಲೇಯರ್ ಸರಿ ಇಲ್ಲ ಎನ್ನುತ್ತಿದ್ದೆವು. ವಿಧಾನ ಬದಲಾಗಿದೆ, ಸುಳ್ಳು ಅದೇ ಉಂಟು. ಹಾಗಾಗಿ ನನ್ನ ಅನುಭವ ಅವರಿಗೂ ಉಪಯೋಗಕ್ಕೆ ಬಂದೀತು ಎಂದು ನನ್ನ ಅನಿಸಿಕೆ.

ಸ್ಟುಡಿಯೋದ ಯಜಮಾನರನ್ನು ಎಲ್ಲರೂ ಧಣಿ ಎಂದೇ ಕರೆಯುತ್ತಿದ್ದರು. ವಾಮಂಜೂರು ಕಡೆ ಅವರ ಅಜ್ಜನಿಗೆ ಕಣ್ಣು ಹಾಯಿಸಿದಷ್ಟು ಗದ್ದೆ ಇತ್ತಂತೆ. ಗದ್ದೆ ಹೋದರೂ ಗತ್ತು ಹೋಗಿರಲಿಲ್ಲ. ಎಡಿಟಿಂಗ್ ಕೋಣೆಯ ಬಾಗಿಲಲ್ಲೇ ಒಂದು ಆರಾಮಕುರ್ಚಿ ಹಾಕಿಸಿಕೊಂಡು, ಒಕ್ಕಲುಗಳ ಕೆಲಸ ನೋಡುವ ಹಾಗೆ ಕಂಪ್ಯೂಟರಿನ ಕೆಲಸ ನೋಡುತ್ತಿದ್ದರು. ಕಂಪ್ಯೂಟರ್ ನಿಧಾನವಾದರೆ ಅದಕ್ಕೆ ಸೊಕ್ಕು ಎನ್ನುತ್ತಿದ್ದರು. ಮನುಷ್ಯ ಕೆಟ್ಟವರಲ್ಲ. ಓಣಂ ಇರಲಿ, ಈದ್ ಇರಲಿ, ಕ್ರಿಸ್‌ಮಸ್ ಇರಲಿ, ಎಲ್ಲ ಹಬ್ಬಕ್ಕೂ ರಜೆ ಕೊಡುತ್ತಿದ್ದರು. ಆದರೆ ಒಮ್ಮೆ ಒಂದು ವಿಷಯ ತಲೆಗೆ ಹೊಕ್ಕರೆ ಅದನ್ನು ಹೊರಗೆ ತೆಗೆಯಲು ಯಾರಿಂದಲೂ ಸಾಧ್ಯವಿರಲಿಲ್ಲ.

ಕ್ಯಾಸೆಟ್ ಹೋಗಿ ಡಿಸ್ಕ್ ಬಂದ ಹೊಸತರಲ್ಲಿ ರೈಟ್ ಮಾಡುವುದೆಂದರೆ ಒಂದು ವ್ರತ. ಎಡಿಟಿಂಗ್ ಎಲ್ಲ ಮುಗಿದು ಸಾಫ್ಟ್‌ವೇರಿನಲ್ಲಿ ಬರ್ನ್ ಎಂಬ ಗುಂಡಿ ಒತ್ತಿದರೆ ಒಂದು ಹಸಿರು ಪಟ್ಟಿ ಎಡದಿಂದ ಬಲಕ್ಕೆ ತೆವಳುತ್ತದೆ. ತೊಂಬತ್ತೊಂಬತ್ತಕ್ಕೆ ಬಂದು ನಿಲ್ಲುತ್ತದೆ. ಆಮೇಲೆ ಡಿಸ್ಕ್ ಹಾಳು ಎಂದು ಇಂಗ್ಲಿಷಿನಲ್ಲಿ ಹೇಳುತ್ತದೆ. ಪಟ್ಟಿ ತೆವಳುವಾಗ ಮೌಸ್ ಮುಟ್ಟಬಾರದು, ಬೇರೆ ಯಾವ ಪ್ರೋಗ್ರಾಮೂ ತೆರೆದಿರಬಾರದು. ಇಷ್ಟು ಸರಿಯೇ, ಕಂಪ್ಯೂಟರಿಗೆ ಇನ್ನೊಂದು ಕೆಲಸ ಕೊಟ್ಟರೆ ಡಿಸ್ಕಿಗೆ ಹೋಗುವ ಮಾಹಿತಿ ನಡುವೆ ಕಡಿದುಹೋಗುತ್ತಿತ್ತು. ಧಣಿ ಇದಕ್ಕೆ ತಮ್ಮದೂ ಕೆಲವು ಸೇರಿಸಿದರು. ಕೋಣೆಯಲ್ಲಿ ಯಾರೂ ನಡೆಯಬಾರದು, ಫೋನ್ ಎತ್ತಬಾರದು, ಚಪ್ಪಲಿ ಹೊರಗೆ ಬಿಡಬೇಕು. ನಾನು ಬೆಂಗ್ರೆಯಿಂದ ಫೆರಿ ದಾಟಿ, ಬಸ್ಸು ಹಿಡಿದು ಬಂದು, ಕಾಲಿಗೆ ಮೆತ್ತಿದ ಕಡಲತಡಿಯ ಹೊಯಿಗೆ ಕೊಡವಿ, ಬರಿಗಾಲಲ್ಲಿ ಒಳಗೆ ಹೋಗಿ ಬರ್ನ್ ಒತ್ತಿ ಕೈಮುಗಿದ ಹಾಗೆ ಕೂತಿರುತ್ತಿದ್ದೆ. ಆದರೂ ತೊಂಬತ್ತೊಂಬತ್ತಕ್ಕೆ ನಿಲ್ಲುತ್ತಿತ್ತು. ಕಾರಣ ಹುಡುಕಿದರೆ ಹಾರ್ಡ್‌ಡಿಸ್ಕಿನಲ್ಲಿ ಜಾಗ ಖಾಲಿ ಇರಲಿಲ್ಲ. ಅದನ್ನು ಖಾಲಿ ಮಾಡಿದ ಮೇಲೂ ಚಪ್ಪಲಿಯ ನಿಯಮ ಮಾತ್ರ ನಾನು ಕೆಲಸ ಬಿಡುವವರೆಗೆ ಜಾರಿಯಲ್ಲಿತ್ತು.

ಗಿರಾಕಿಗಳದ್ದು ಇನ್ನೊಂದು ತಮಾಷೆ. ನಮ್ಮ ಕಡೆಯ ಮದುವೆ ಎಂದರೆ ಹಿಂದಿನ ದಿನದ ಮೆಹಂದಿಯೇ ಒಂದು ಗಂಟೆ ಬರುತ್ತದೆ. ಎಲ್ಲ ಸೇರಿ ಮೂರು ಗಂಟೆಯ ವಿಡಿಯೋ. ಅದನ್ನು ಎರಡು ಡಿಸ್ಕಿನಲ್ಲಿ ಕೊಟ್ಟರೆ ಚಿತ್ರವೂ ಚೆಂದ, ಡಿಸ್ಕಿಗೂ ಕ್ಷೇಮ. ಆದರೆ ಎರಡು ಡಿಸ್ಕ್ ಎಂದ ಕೂಡಲೇ ಹುಡುಗಿಯ ಕಡೆಯ ಹೆಂಗಸರ ಮುಖ ಕಪ್ಪಾಗುತ್ತಿತ್ತು. ಮದುವೆಯನ್ನು ಎರಡು ತುಂಡು ಮಾಡುವುದಾ, ಅಪಶಕುನ ಅಲ್ಲವಾ ಎನ್ನುತ್ತಿದ್ದರು. ಸರಿ, ಒಂದೇ ಡಿಸ್ಕಿಗೆ ತುರುಕುತ್ತಿದ್ದೆವು. ಮುಖಗಳೆಲ್ಲ ಗಂಜಿಯ ಹಾಗೆ ಕಲಸಿಹೋದರೂ ಮದುವೆ ಮಾತ್ರ ಅಖಂಡ. ಒಂದು ಮನೆಯಲ್ಲಂತೂ ಹಿರಿಯರೊಬ್ಬರು ಡಿಸ್ಕನ್ನು ದೇವರ ಮುಂದಿಟ್ಟು ಅರಸಿನ ಕುಂಕುಮ ಹಚ್ಚಿ ಆಮೇಲೆ ಪ್ಲೇಯರಿಗೆ ಹಾಕಿದ್ದರು. ಹೊಳೆಯುವ ಬದಿಯೇ ಮುಖ ಎಂದುಕೊಂಡು ಅದಕ್ಕೇ ಹಚ್ಚಿದ್ದರು. ಓದುವ ಬದಿಯೂ ಅದೇ. ನಾನು ಮಗುವಿಗೆ ಹಾಕುವ ಸಾಬೂನಿನಲ್ಲಿ ಅದನ್ನು ತೊಳೆದು, ಮಧ್ಯದಿಂದ ಅಂಚಿಗೆ ನೇರವಾಗಿ ಒರೆಸಿ ಕೊಟ್ಟೆ. ಸುತ್ತ ತಿರುಗಿಸಿ ಒರೆಸಬಾರದು, ಗೀರು ಬಿದ್ದರೆ ಮುಗಿಯಿತು. ಈ ವಿದ್ಯೆ ಈಗ ಯಾರಿಗೂ ಬೇಡ, ಬರೆದು ಇಟ್ಟಿದ್ದೇನೆ ಅಷ್ಟೆ.

ಇಷ್ಟರ ಮೇಲೆ ಧಣಿಗೆ ಸ್ಟಿಕ್ಕರಿನ ಹುಚ್ಚು ಹತ್ತಿತು. ಬೇರೆ ಸ್ಟುಡಿಯೋದವರು ಡಿಸ್ಕಿನ ಮೇಲೆ ಪೆನ್ನಿನಲ್ಲಿ ಹೆಸರು ಬರೆದು ಕೊಡುತ್ತಿದ್ದಾಗ, ಇವರು ಮದುಮಕ್ಕಳ ಬಣ್ಣದ ಫೋಟೋವನ್ನು ಗುಂಡಗೆ ಕತ್ತರಿಸಿ ಅಂಟಿಸಲು ಹೇಳಿದರು. ನೋಡಲು ಚೆಂದ, ನಿಜ. ಆದರೆ ಕೈಯಲ್ಲಿ ಅಂಟಿಸಿದ ಕಾಗದ ಒಂದು ಕೂದಲಿನಷ್ಟು ಆಚೆ ಈಚೆ ಆದರೂ ತಿರುಗುವಾಗ ಡಿಸ್ಕ್ ಓಲಾಡುತ್ತದೆ. ಮಂಗಳೂರಿನ ಸೆಕೆಗೆ ಅಂಟು ಎಳೆದು ಡಿಸ್ಕ್ ಹಪ್ಪಳದ ಹಾಗೆ ಬಾಗುತ್ತದೆ. ಡಿಸ್ಕನ್ನು ಯಂತ್ರ ಓದುವುದು ನಡುವಿನಿಂದ ಹೊರಗೆ. ನಡುವೆ ಏನೂ ಗೊತ್ತಾಗುವುದಿಲ್ಲ, ಅಂಚಿಗೆ ಬಂದಾಗ ತಿಳಿಯುತ್ತದೆ. ಬೇಗ ಮುಗಿಯಲಿ ಎಂದು ಅತಿ ವೇಗದಲ್ಲಿ ರೈಟ್ ಮಾಡಿದರೆ ಅಂಚಿನ ಬರಹವೇ ಕೆಟ್ಟದಾಗಿರುತ್ತದೆ. ತುಂಬಿದ ಡಿಸ್ಕ್, ಅತಿ ವೇಗ, ಮೇಲಿನಿಂದ ಸ್ಟಿಕ್ಕರ್, ಈ ಮೂರೂ ನಮ್ಮ ಸ್ಟುಡಿಯೋದಲ್ಲಿ ಒಟ್ಟಿಗೆ ಇದ್ದವು.

ಇದು ನಮಗೆ ಗೊತ್ತಾಗಲಿಲ್ಲವೇ ಎಂದು ನೀವು ಕೇಳಬಹುದು. ಗೊತ್ತಾಗುವ ದಾರಿಯನ್ನು ನಾವೇ ಮುಚ್ಚಿದ್ದೆವು. ಸಾಫ್ಟ್‌ವೇರಿನಲ್ಲಿ ವೆರಿಫೈ ಎಂದು ಒಂದು ಚೌಕ ಇರುತ್ತದೆ. ಅದಕ್ಕೆ ಗುರುತು ಹಾಕಿದರೆ ರೈಟ್ ಆದ ಮೇಲೆ ಇಡೀ ಡಿಸ್ಕನ್ನು ಓದಿ ಪರೀಕ್ಷಿಸುತ್ತದೆ, ಸಮಯ ಎರಡರಷ್ಟು ಹಿಡಿಯುತ್ತದೆ. ಧಣಿ ಅದನ್ನು ತೆಗೆಸಿದರು. ಬದಲಿಗೆ ನಮ್ಮದೇ ಪರೀಕ್ಷೆ ಇತ್ತು. ಪ್ರತಿ ಡಿಸ್ಕಿನ ಮೊದಲಲ್ಲಿ ಒಂದು ಗಣಪತಿ ತಿರುಗುತ್ತಾ ಬರುತ್ತಿದ್ದ, ಹಿಂದೆ ಶಂಖದ ಸದ್ದು. ಡಿಸ್ಕ್ ಹಾಕಬೇಕು, ಗಣಪತಿ ಬಂದರೆ ತೆಗೆಯಬೇಕು. ಡಿಸ್ಕ್ ಪಾಸ್. ಕ್ರಿಶ್ಚಿಯನ್ ಮದುವೆಗಾದರೆ ಚರ್ಚಿನ ಗಂಟೆಗಳೆರಡು ಅಲುಗುತ್ತಿದ್ದವು, ಬ್ಯಾರಿ ಮುಸಲ್ಮಾನರ ಮದುವೆಗೆ ಗುಲಾಬಿ ಅರಳುತ್ತಿತ್ತು. ಗಣಪತಿ ಇರುವುದು ಡಿಸ್ಕಿನ ನಟ್ಟನಡುವೆ. ಯಾವ ಹಾಳು ಡಿಸ್ಕಿನಲ್ಲೂ ಅವನು ಬಂದೇ ಬರುತ್ತಿದ್ದ. ನಾನು ಇಷ್ಟು ವರ್ಷ ಪರೀಕ್ಷಿಸಿದ್ದು ಅವನೊಬ್ಬನನ್ನೇ.

ಗಿರಾಕಿಗಳು ದೂರು ತಂದರೆ ನಮ್ಮ ಹತ್ತಿರ ಉತ್ತರಗಳು ತಯಾರಿದ್ದವು. ಹತ್ತಿರದವರಾದರೆ ಲೆನ್ಸ್ ಕ್ಲೀನ್ ಮಾಡಿಸಿ. ಸ್ವಲ್ಪ ಓದಿದವರಾದರೆ ನಿಮ್ಮ ಪ್ಲೇಯರ್ ಹಳೆಯ ಮಾಡೆಲ್. ಗಲ್ಫಿನವರಾದರೆ ರೀಜನ್ ಕೋಡ್. ಅದು ನಮ್ಮ ಬ್ರಹ್ಮಾಸ್ತ್ರ. ಆ ದೇಶಕ್ಕೂ ಈ ದೇಶಕ್ಕೂ ಕೋಡ್ ಬೇರೆ ಎಂದರೆ ಯಾರೂ ಮರುಮಾತಾಡುತ್ತಿರಲಿಲ್ಲ. ನಿಜ ಹೇಳುತ್ತೇನೆ, ನಾವು ರೈಟ್ ಮಾಡುವ ಡಿಸ್ಕಿಗೆ ಯಾವ ಕೋಡೂ ಇರುತ್ತಿರಲಿಲ್ಲ.

ಈ ಬ್ರಹ್ಮಾಸ್ತ್ರವನ್ನು ನಾನು ಸಂಜೀವಣ್ಣನ ಮೇಲೂ ಬಿಟ್ಟೆ.

ಸಂಜೀವಣ್ಣ ಗಲ್ಫಿನಲ್ಲಿ ಒಂದು ಕಂಪೆನಿಯ ಗ್ಯಾರೇಜಿನಲ್ಲಿದ್ದರು. ಅದಕ್ಕೂ ಮೊದಲು ಇಲ್ಲಿಯೇ ಹಂಚಿನ ಕಾರ್ಖಾನೆಯಲ್ಲಿದ್ದವರು. ಒಬ್ಬಳೇ ಮಗಳು ಹರಿಣಾಕ್ಷಿ. ಅವಳ ಮದುವೆಗೆ ಬರಲು ಟಿಕೆಟ್ ಕೂಡ ಆಗಿತ್ತು. ಕೊನೆಯ ವಾರದಲ್ಲಿ ಕಂಪೆನಿ ರಜೆ ರದ್ದು ಮಾಡಿತು, ಪಾಸ್‌ಪೋರ್ಟ್ ಕಂಪೆನಿಯ ಕೈಯಲ್ಲಿ. ಮುಹೂರ್ತ ನಿಲ್ಲಿಸುವ ಹಾಗಿಲ್ಲ. ತಂದೆಯ ಜಾಗದಲ್ಲಿ ನಿಂತು ಗಿಂಡಿಯಿಂದ ನೀರು ಬಿಟ್ಟು ಧಾರೆ ಎರೆದದ್ದು ಹುಡುಗಿಯ ಸೋದರಮಾವ ವಾಸು. ಸಂಜೀವಣ್ಣ ಫೋನ್ ಮಾಡಿ ನನ್ನ ಹತ್ತಿರ ಕೇಳಿಕೊಂಡದ್ದು ಒಂದೇ. ಬೇರೆ ಎಂತ ಬಿಟ್ಟರೂ ಅಡ್ಡಿಯಿಲ್ಲ, ಧಾರೆ ಪೂರ್ತಿ ಇರಲಿ, ನನಗೆ ಅದೊಂದನ್ನು ನೋಡ್ಲಿಕ್ಕೆ ಉಂಟು ಎಂದರು. ನಾನು ಪೂರ್ತಿ ಇಟ್ಟೆ. ಆರು ಪ್ರತಿ ಒಟ್ಟಿಗೆ ರೈಟ್ ಮಾಡಿ, ಸ್ಟಿಕ್ಕರ್ ಅಂಟಿಸಿ, ಆರಕ್ಕೂ ಗಣಪತಿ ನೋಡಿ ಕೊಟ್ಟೆ.

ಊರಿನವರೊಬ್ಬರ ಕೈಯಲ್ಲಿ ಮೊದಲ ಡಿಸ್ಕ್ ಅಲ್ಲಿಗೆ ಹೋಯಿತು. ಶುಕ್ರವಾರ ರಜೆ. ರೂಮಿನವರೆಲ್ಲ ಕೋಳಿ ಸಾರು ಮಾಡಿ, ಒಗೆದ ಲುಂಗಿ ಉಟ್ಟು, ನಿಜವಾದ ಮದುವೆಗೆ ಕೂತ ಹಾಗೆ ಕೂತಿದ್ದರಂತೆ. ಸಂಜೀವಣ್ಣನ ಫೋನ್ ಬಂತು.

"ಜಲಜಕ್ಕ, ವಾಸು ಗಿಂಡಿ ಎತ್ತಿದ್ದಾನೆ," ಎಂದರು. "ಇಳಿಸುವುದೇ ಇಲ್ಲ."

ಚಿತ್ರ ಅಲ್ಲಿಗೆ ಕಲ್ಲಾಗಿ ನಿಂತಿತ್ತು. ನಾನು ಲೆನ್ಸ್ ಕ್ಲೀನ್ ಮಾಡಿಸಿ ಎಂದೆ. ಮಾಡಿಸಿದರು. ಎರಡನೆಯ ಡಿಸ್ಕ್ ಹೋಗಿ ತಲುಪಲು ಒಂದೂವರೆ ತಿಂಗಳು ಹಿಡಿಯಿತು. ಅದರಲ್ಲೂ ವಾಸು ಗಿಂಡಿ ಎತ್ತಿ ನಿಂತ. ಈ ಸಲ ರೂಮಿನವರು, ಸಂಜೀವಣ್ಣ, ನಿಮ್ಮ ಭಾವನ ಕೈ ನೋಯುವುದಿಲ್ಲವಾ ಎಂದು ಕೇಳಿ ನಕ್ಕರಂತೆ. ನಾನು ರೀಜನ್ ಕೋಡ್ ಎಂದೆ. ಪಾಪ, ಆ ಮನುಷ್ಯ ಹೊಸ ಪ್ಲೇಯರನ್ನೇ ತಂದರು. ಮೂರನೆಯ ಡಿಸ್ಕ್ ಹೋದಾಗ ರೂಮಿನವರು ಯಾರೂ ನೋಡಲು ಬರಲಿಲ್ಲ. ಒಬ್ಬರೇ ಕೂತು ನೋಡಿದರು. ಆಮೇಲೆ ನನಗೆ ಫೋನ್ ಮಾಡಲಿಲ್ಲ. ತೊಂದರೆ ಪರಿಹಾರವಾಯಿತು ಎಂದು ನಾನು ಅಂದುಕೊಂಡೆ. ನಮ್ಮ ಉದ್ಯೋಗದಲ್ಲಿ ಗಿರಾಕಿ ಮಾತು ನಿಲ್ಲಿಸಿದರೆ ಅದಕ್ಕೆ ಪರಿಹಾರ ಎಂದೇ ಹೆಸರು.

ಒಂದು ದಿನ ಬೆಳಿಗ್ಗೆ ಸ್ಟುಡಿಯೋ ತೆರೆಯುವಾಗಲೇ ಹರಿಣಾಕ್ಷಿ ಬಂದಳು. ಕೈಯಲ್ಲಿ ಅವರ ಮನೆಯ ಡಿಸ್ಕ್. ಅಷ್ಟು ದಿನ ಅದನ್ನು ಗಾಜಿನ ಕಪಾಟಿನಲ್ಲಿ ಇಟ್ಟಿದ್ದರು, ಬಂದವರಿಗೆ ಸ್ಟಿಕ್ಕರ್ ತೋರಿಸಲು. ಅವಳು ಏಳು ತಿಂಗಳ ಬಸುರಿ. ಏದುಸಿರು ಬಿಡುತ್ತಾ ಬಂದವಳು ಧಣಿಯ ಆರಾಮಕುರ್ಚಿಯಲ್ಲೇ ಕೂತಳು. ಆ ಕುರ್ಚಿಯಲ್ಲಿ ಅವರನ್ನು ಬಿಟ್ಟು ಬೇರೆಯವರು ಕೂತದ್ದನ್ನು ನಾನು ಅದೇ ಮೊದಲು ನೋಡಿದ್ದು. ಧಣಿ ಗೋಡೆಗೆ ಒರಗಿ ನಿಂತರು.

"ಅಪ್ಪನ ಪ್ಲೇಯರ್ ಹಾಳು ಅಂದ್ರಿ," ಎಂದಳು. "ಇದು ನಿಮ್ಮ ಪ್ಲೇಯರ್ ಅಲ್ವಾ ಅಕ್ಕ? ಇದಕ್ಕೆ ಹಾಕಿ. ಧಾರೆ ಮುಗಿಯುವವರೆಗೆ ನಾನು ಇಲ್ಲಿಂದ ಏಳುವುದಿಲ್ಲ. ನನಗೆ ಏಳು ತಿಂಗಳು, ಅಪ್ಪನ ಲೆಕ್ಕದಲ್ಲಿ ನನಗೆ ಇನ್ನೂ ಮದುವೆಯೇ ಆಗಲಿಲ್ಲ."

ಹಾಕಿದೆ. ಗಣಪತಿ ಬಂದ. ಮೆಹಂದಿ ಬಂತು, ದಿಬ್ಬಣ ಬಂತು. ಸುಮಾರು ಎರಡು ಗಂಟೆ ಕಾಲ ನಾವು ಮೂವರೂ ನೋಡಿದೆವು. ವಾಸು ಗಿಂಡಿ ಎತ್ತಿದ. ನಮ್ಮ ಪ್ಲೇಯರಿನಲ್ಲೂ ಇಳಿಸಲಿಲ್ಲ. ಒಳಗಿನಿಂದ ಕರ ಕರ ಎಂದು ಸದ್ದು ಮಾತ್ರ ಬಂತು. ಧಣಿ ಮೆಲ್ಲಗೆ, ಕರೆಂಟಿನ ದೋಷ ಇರಬೇಕು ಎಂದರು. ಹರಿಣಾಕ್ಷಿ ಅವರ ಕಡೆ ತಿರುಗಿಯೂ ನೋಡಲಿಲ್ಲ.

ಹೊಸದಾಗಿ ರೈಟ್ ಮಾಡಿ ಕೊಟ್ಟರೆ ಮುಗಿಯಿತಲ್ಲ ಎಂದು ನೀವು ಹೇಳುತ್ತೀರಿ. ಯಾವುದರಿಂದ? ಧಣಿಯ ಅಪ್ಪಣೆಯಂತೆ ಕ್ಯಾಮೆರಾದ ಟೇಪಿನ ಮೇಲೆ ಅಷ್ಟರಲ್ಲಿ ಇನ್ನೂ ನಾಲ್ಕು ಮದುವೆ ರೆಕಾರ್ಡ್ ಆಗಿದ್ದವು. ಹಾರ್ಡ್‌ಡಿಸ್ಕನ್ನು ಪ್ರತಿ ತಿಂಗಳೂ ನಾನೇ ಖಾಲಿ ಮಾಡುತ್ತಿದ್ದೆ. ಸಂಜೀವಣ್ಣನ ಮಗಳ ಧಾರೆ ಈ ಲೋಕದಲ್ಲಿ ಉಳಿದದ್ದು ಆರು ಡಿಸ್ಕುಗಳ ಅಂಚಿನಲ್ಲಿ. ಅದರಲ್ಲಿ ಮೂರು ಸಮುದ್ರದ ಆಚೆ. ಹುಡುಗಿಗೆ ಇದನ್ನು ಹೇಳುವ ಧೈರ್ಯ ಬರಲಿಲ್ಲ. ಒಂದು ವಾರ ಕೊಡಿ ಎಂದೆ.

ಇಲ್ಲಿ ಉಳಿದಿದ್ದ ಮೂರು ಡಿಸ್ಕುಗಳನ್ನು ತರಿಸಿ ಮುಂದಿಟ್ಟುಕೊಂಡು ಕೂತೆ. ಒದ್ದೆ ಬಟ್ಟೆ ಹಾಕಿ ನೆನೆಸಿ ಮದುಮಕ್ಕಳ ಫೋಟೋ ಕಿತ್ತೆ. ಕೀಳುವಾಗ ಒಂದು ಡಿಸ್ಕ್ ಟಪ್ಪೆಂದು ಬಿರುಕು ಬಿಟ್ಟಿತು. ಉಳಿದದ್ದು ಎರಡು. ಮೂಲೆಯಲ್ಲಿ ಬಿಸಾಡಿದ್ದ ಹಳೆಯ ಕಂಪ್ಯೂಟರಿನ ಡ್ರೈವನ್ನು ಬಿಚ್ಚಿ ತಂದು ಜೋಡಿಸಿದೆ. ಅದಕ್ಕೆ ವೇಗವಿರಲಿಲ್ಲ, ತಾಳ್ಮೆ ಇತ್ತು. ಹೊಸ ಡ್ರೈವ್ ಕೈಚೆಲ್ಲಿದ ಕಡೆ ಅದು ನಿಧಾನವಾಗಿ ತಿರುಗಿ ತಿರುಗಿ ಓದಿತು. ಒಂದು ಡಿಸ್ಕಿನಲ್ಲಿ ಸಿಗದ ತುಂಡು ಇನ್ನೊಂದರಲ್ಲಿ ಸಿಕ್ಕಿತು. ನಾಲ್ಕು ದಿನ ಕೂತು ಹೊಲಿದೆ. ಬೆಂಗ್ರೆಯಲ್ಲಿ ನಮ್ಮ ಅಪ್ಪ ಹರಿದ ಬಲೆ ಹೊಲಿಯುತ್ತಿದ್ದುದನ್ನು ನೋಡಿ ಬೆಳೆದವಳು ನಾನು, ಆ ಕೆಲಸ ಬೇಸರ ತರಲಿಲ್ಲ. ಕೊನೆಗೆ ಒಂದು ತೂತು ಮಾತ್ರ ಉಳಿಯಿತು. ಹನ್ನೊಂದು ಸೆಕೆಂಡು. ಗಿಂಡಿಯಿಂದ ನೀರು ಬೀಳುವ ಹನ್ನೊಂದು ಸೆಕೆಂಡು.

ಅಷ್ಟು ಬಿಟ್ಟು ಕೊಡಿ, ನೀರು ಬೀಳುವುದನ್ನು ಯಾರು ನೋಡ್ತಾರೆ ಎಂದರು ಧಣಿ. ಅದೊಂದನ್ನೇ ನೋಡಲು ಒಬ್ಬ ಮನುಷ್ಯ ತಿಂಗಳುಗಟ್ಟಲೆ ಕಾದು ಕೂತಿದ್ದಾನೆ ಎಂದು ನಾನು ಮೊದಲ ಬಾರಿಗೆ ಅವರಿಗೆ ಎದುರು ಮಾತಾಡಿದೆ. ಆಮೇಲೆ ಹರಿಣಾಕ್ಷಿಗೆ ನಿಜ ಹೇಳಬೇಕಿತ್ತು. ಹೇಳಲಿಲ್ಲ. ಆ ವಾರ ನನ್ನ ಕಂಪ್ಯೂಟರಿನಲ್ಲಿ ಬೇರೊಂದು ಮದುವೆ ಇತ್ತು. ಅದರ ಧಾರೆಯಲ್ಲಿ ಒಂದು ಹತ್ತಿರದ ಶಾಟ್. ಒಂದು ಕೈ, ಒಂದು ಗಿಂಡಿ, ನೀರು. ಮುಖ ಇಲ್ಲ. ಆ ಮದುಮಗಳ ಕೈಯಲ್ಲಿ ಹರಿಣಾಕ್ಷಿಯದ್ದರ ಹಾಗೆಯೇ ಹಸಿರು ಬಳೆ. ಅದರಿಂದ ಹನ್ನೊಂದು ಸೆಕೆಂಡು ಕತ್ತರಿಸಿ ತೂತಿಗೆ ಹಾಕಿದೆ. ಬಣ್ಣ ಸರಿಮಾಡಿ, ಮೇಲಿನಿಂದ ನಾಗಸ್ವರ ಎಳೆದೆ. ಊಟದ ಭಾಗ ತೆಗೆದುಹಾಕಿ ಡಿಸ್ಕನ್ನು ಹಗುರ ಮಾಡಿದೆ. ಅತಿ ಕಡಿಮೆ ವೇಗದಲ್ಲಿ ರೈಟ್ ಮಾಡಿದೆ, ವೆರಿಫೈ ಚೌಕಕ್ಕೆ ಗುರುತು ಹಾಕಿದೆ, ಸ್ಟಿಕ್ಕರ್ ಮುಟ್ಟಲಿಲ್ಲ. ಎಲ್ಲ ಸಿಕ್ಕಿತು ಎಂದು ಹರಿಣಾಕ್ಷಿಗೆ ಹೇಳಿದೆ. ಅವಳು ನನ್ನ ಕೈ ಹಿಡಿದುಕೊಂಡಳು. ಅಷ್ಟು ಚೆನ್ನಾಗಿ ಕೂಡಿಸಿದ ಕಟ್ ನನ್ನ ಇಪ್ಪತ್ತಾರು ವರ್ಷದಲ್ಲಿ ಇನ್ನೊಂದಿಲ್ಲ ಎಂದು ನನಗೆ ಹೆಮ್ಮೆ ಬೇರೆ.

ಡಿಸ್ಕ್ ತಲುಪಿದ ಮೇಲೆ ಸಂಜೀವಣ್ಣ ಫೋನ್ ಮಾಡಿದರು. "ನೋಡಿದೆ ಜಲಜಕ್ಕ. ನೀರು ಬಿತ್ತು," ಎಂದು ಹೇಳಿ ಇಟ್ಟರು.

ಆಮೇಲೆ ವರ್ಷಗಳು ಕಳೆದವು. ಡಿಸ್ಕ್ ಹೋಗಿ ಪೆನ್‌ಡ್ರೈವ್ ಬಂತು. ನಮ್ಮ ಗಣಪತಿ ಅದರಲ್ಲೂ ಮೊದಲು ತಿರುಗುತ್ತಿದ್ದ, ನಾವು ಅವನನ್ನೇ ನೋಡಿ ಪಾಸ್ ಮಾಡುತ್ತಿದ್ದೆವು. ಬುದ್ಧಿ ಬಂದಿತ್ತು ಎಂದು ನೀವು ನಿರೀಕ್ಷಿಸಿದ್ದರೆ ಕ್ಷಮಿಸಿ. ಸಂಜೀವಣ್ಣನ ಡಿಸ್ಕ್ ಆದ ಮೇಲೆ ಮೂರು ತಿಂಗಳು ವೆರಿಫೈ ಹಾಕಿದೆ, ಮದುವೆಯ ಸೀಸನ್ ಬಂದ ಕೂಡಲೇ ತೆಗೆದೆ.

ನಾನು ಕೆಲಸ ಬಿಡುವ ವರ್ಷ ಸಂಜೀವಣ್ಣ ಸ್ಟುಡಿಯೋಕ್ಕೆ ಬಂದರು. ಗಲ್ಫ್ ಬಿಟ್ಟು ಬಂದಿದ್ದರು, ತಲೆ ಪೂರ್ತಿ ಬೆಳ್ಳಗಾಗಿತ್ತು. ಚಪ್ಪಲಿ ಹೊರಗೆ ಬಿಟ್ಟು ಬಂದು ಅದೇ ಡಿಸ್ಕನ್ನು ಮೇಜಿನ ಮೇಲೆ ಇಟ್ಟರು, ಜೊತೆಗೊಂದು ಪೆನ್‌ಡ್ರೈವ್. ಮನೆಯ ಪ್ಲೇಯರ್ ಈಗ ನಿಜವಾಗಿಯೂ ಹಾಳಾಗಿದೆ ಎಂದು ಹೇಳಿ ನನ್ನ ಮುಖ ನೋಡಿ ನಕ್ಕರು. ನಾನೂ ನಗಬೇಕಾಯಿತು. ಕಾಪಿ ಮಾಡಿ ಪೆನ್‌ಡ್ರೈವನ್ನು ಟಿವಿಗೆ ಚುಚ್ಚಿದೆ. ಗಣಪತಿ ಬಂದ. ಅಭ್ಯಾಸಬಲದಿಂದ ಕೀಳಲು ಕೈ ಚಾಚಿದೆ.

ಇರಲಿ, ಧಾರೆವರೆಗೆ ಹೋಗಲಿ ಎಂದರು. ಇಬ್ಬರೂ ಕೂತೆವು. ವಾಸು ಗಿಂಡಿ ಎತ್ತಿದ. ನನ್ನ ಹೆಮ್ಮೆಯ ಕಟ್ ಬಂತು. ಅವರು ಕೈ ಎತ್ತಿದರು, ನಾನು ಚಿತ್ರವನ್ನು ಅಲ್ಲಿಗೇ ನಿಲ್ಲಿಸಿದೆ.

"ಜಲಜಕ್ಕ, ವಾಸುವಿಗೆ ಬಲಗೈಯ ತೋರುಬೆರಳಿನ ತುದಿ ಇಲ್ಲ," ಎಂದರು. "ಹಂಚಿನ ಕಾರ್ಖಾನೆಯಲ್ಲಿ ಪ್ರೆಸ್ಸಿಗೆ ಸಿಕ್ಕಿ ಹೋದದ್ದು. ಆಗ ಅವನ ಪಕ್ಕದಲ್ಲಿ ನಾನೇ ಇದ್ದೆ."

ಪರದೆಯ ಮೇಲಿನ ಕೈಗೆ ಐದೂ ಬೆರಳು ಸರಿಯಾಗಿದ್ದವು. ಆ ಮದುವೆಯನ್ನು ನಾನು ದಿನಗಟ್ಟಲೆ ಕತ್ತರಿಸಿದ್ದೆ, ವಾಸುವಿನ ಕೈಯನ್ನು ನೂರು ಸಲ ನಿಲ್ಲಿಸಿ ನಡೆಸಿದ್ದೆ. ಒಂದು ಬೆರಳು ಗಿಡ್ಡ ಎಂದು ಕಣ್ಣಿಗೆ ಬಿದ್ದಿರಲಿಲ್ಲ. ತಪ್ಪಾಯಿತು ಸಂಜೀವಣ್ಣ ಎಂದೆ. ಆಗಲೇ ಯಾಕೆ ಕೇಳಲಿಲ್ಲ ಎಂದೆ.

"ಮೊದಲು ಸಿಟ್ಟು ಬಂತು," ಎಂದರು. "ಮತ್ತೆ ದಿನಾ ನೋಡಿದೆ. ಅದು ವಾಸುವಿನ ಕೈ ಅಲ್ಲ, ಯಾರದ್ದು ಅಂತ ಯಾರಿಗೂ ಗೊತ್ತಿಲ್ಲ. ಹಾಗಾದ್ರೆ ನನ್ನದೇ ಆಗಬಹುದಲ್ಲ ಅಂತ ಎಣಿಸಿದೆ."

ಬೇಕಾದರೆ ಈಗಲೇ ಅದನ್ನು ತೆಗೆದು, ಇದ್ದಷ್ಟನ್ನೇ ಇಟ್ಟು ಕೊಡುತ್ತೇನೆ ಎಂದೆ. ಅವರು ಗಾಬರಿಯಿಂದ ಎದ್ದು ನಿಂತರು.

"ತೆಗೀಬೇಡಿ ಮಾರಾಯ್ರೆ. ಮೊಮ್ಮಗಳಿಗೆ ಅದು ಅಜ್ಜನ ಕೈ ಅಂತ ಹೇಳಿ ಆಗಿದೆ."

ಅವರು ಮತ್ತೆ ಕೂತರು. ನಾನು ಪ್ಲೇ ಒತ್ತಿದೆ. ನೀರು ಬಿತ್ತು. ಕೊನೆಯವರೆಗೆ ಇಬ್ಬರೂ ಏಳಲಿಲ್ಲ.